ಅತ್ತೆ ಹಾಲು ಬಿಟ್ಟ ಮಳೆಗಾಲ

ಹೋದ ವಾರ ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯೊಂದರ ಮುಂದೆ ಆಟೋಗೆ ಕಾಯುತ್ತ ನಿಂತಿದ್ದೆ. ಒಳಗೆ ಯಾರೋ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದರೆಂದು ಕಾಣುತ್ತದೆ, ಈಸ್ಟ್ ಹಾಕಿ ಉಬ್ಬಿಸಿದ ಮೈದಾದ ಹುಳಿ ವಾಸನೆ ಹೊರಗೆ ಬಂತು. ಪಕ್ಕದಲ್ಲಿ ನಿಂತಿದ್ದ ಹೆಂಗಸು, "ಏನ್ ಮಸ್ತ್ ವಾಸನಿ ಬರಾಕತ್ತೈತಿ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಆ ವಾಸನೆಯ ಜೊತೆ ನಾನು ಒಂದು ಇಡೀ ಮಳೆಗಾಲ ಏಗಿದ್ದೇನೆ. ಸೀರೆಯ ಸೆರಗಿಗೆ, ತಲೆಗೂದಲಿಗೆ, ದೇವರ ಮನೆಯ ಬಾಗಿಲ ಪರದೆಗೂ ಅದು ಅಂಟಿಕೊಂಡಿತ್ತು. ಮೂರು ವರ್ಷದ ಹಿಂದಿನ ಮಾತು. ಡ್ಯಾಂ ತುಂಬಿ ಗೇಟು ಎತ್ತಿ ನೀರು ಬಿಟ್ಟಿದ್ದರು, ಊರಿನ ಜನವೆಲ್ಲ ನೀರು ನೋಡಲು ಹೋದರು. ನಾನು ಹೋಗಲಿಲ್ಲ. ಮನೆಯಲ್ಲಿ ಹಿಟ್ಟು ನೆನೆಯುತ್ತಿತ್ತು.

ನಮ್ಮ ಮನೆ ಇರುವುದು ಚಿತ್ತವಾಡ್ಗಿಯಲ್ಲಿ. ಮುಂದೆ ರಸ್ತೆ, ಹಿಂದೆ ಕಾಲುವೆ, ಕಾಲುವೆಯಾಚೆ ಕಬ್ಬು. ನನ್ನ ಗಂಡ ಕೊಟ್ರೇಶ ಸ್ಟೀಲ್ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದಾರೆ, ವಾರಕ್ಕೊಂದು ಶಿಫ್ಟು. ಮಗಳು ಅನು ಆಗ ಒಂಬತ್ತನೇ ಕ್ಲಾಸು. ಇನ್ನು ನಮ್ಮ ಅತ್ತೆ ಪಾರ್ವತಮ್ಮ. ಎಪ್ಪತ್ತು ದಾಟಿದ ಜೀವ. ಬಾಯಲ್ಲಿ ಐದೋ ಆರೋ ಹಲ್ಲು ಉಳಿದಿದ್ದವು, ಆದರೆ ಮಾತಾಡಲು ಹಲ್ಲು ಬೇಕಾಗಿಲ್ಲವಲ್ಲ. ಮದುವೆಯಾಗಿ ಹದಿನೇಳು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ನಾನು ಬಡಿದ ರೊಟ್ಟಿ ಒಂದು ದಿನ ದಪ್ಪ, ಇನ್ನೊಂದು ದಿನ ತೆಳ್ಳಗೆ. ಸರಿಯಾಗಿದ್ದ ದಿನ ಅವರು ಏನೂ ಹೇಳುತ್ತಿರಲಿಲ್ಲ, ಅದರಿಂದಲೇ ನನಗೆ ತಿಳಿಯುತ್ತಿತ್ತು.

ಅವರಿಗೊಂದು ಎಮ್ಮೆಯಿತ್ತು. ಹೆಸರು ರಾಣಿ. ಬಂಡ್ರಿಯ ಹಳೆಯ ಮನೆ ಬಿಟ್ಟು ಇಲ್ಲಿಗೆ ಬರುವಾಗ ಪಾತ್ರೆಪಗಡೆಯನ್ನೆಲ್ಲ ಯಾರ್ಯಾರಿಗೋ ಹಂಚಿದ ಅತ್ತೆ ರಾಣಿಯ ತಾಯಿಯನ್ನು ಮಾತ್ರ ಲಾರಿಯಲ್ಲಿ ನಿಲ್ಲಿಸಿಕೊಂಡು ಬಂದಿದ್ದರಂತೆ. ಹಿತ್ತಲ ತಗಡಿನ ಕೊಟ್ಟಿಗೆಯಲ್ಲಿ ಹಾಲು ಕರೆದು ಓಣಿಯ ಎಂಟು ಮನೆಗೆ ಕೊಡುತ್ತಿದ್ದರು. ನಮಗೆ ಉಳಿಯುತ್ತಿದ್ದುದೂ ಕಡಿಮೆಯೇನಲ್ಲ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲ ಮನೆಯದೇ. ಅತ್ತೆಯ ಊಟವೆಂದರೆ ಒಂದು ಜೋಳದ ರೊಟ್ಟಿಯನ್ನು ಮುರಿದು ಬಟ್ಟಲ ತುಂಬ ಹಾಲಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕಿವುಚಿ ತಿನ್ನುವುದು. ರಾತ್ರಿಗೆ ಮೊಸರನ್ನ. ಹಲ್ಲಿಲ್ಲದವರಿಗೆ ಇನ್ನೇನು ಬೇಕು?

ಆ ವರ್ಷ ಮಳೆ ಶುರುವಾಗುವ ಮುಂಚೆ ರಾಣಿ ಈಯಿತು. ಗಂಡುಕರು. ಅತ್ತೆ ಬಾಲ ಎತ್ತಿ ನೋಡಿ, "ಥೂ, ಕ್ವಾಣಗರ" ಎಂದರು. ನಮ್ಮ ಕಡೆ ಅದಕ್ಕೊಂದು ರೀತಿಯಿದೆ, ಎಲ್ಲರೂ ಮಾಡುತ್ತಾರೆ, ಯಾರೂ ಹೇಳಿಕೊಳ್ಳುವುದಿಲ್ಲ. ಹೆಣ್ಣುಕರುವಾದರೆ ನಾಳೆ ಎಮ್ಮೆಯಾಗುತ್ತದೆ ಎಂದು ಹೊಟ್ಟೆತುಂಬ ಕುಡಿಯಲು ಬಿಡುತ್ತಾರೆ. ಗಂಡಾದರೆ ತಾಯಿ ತೊರೆ ಬಿಟ್ಟು ಹಾಲು ಇಳಿಸುವವರೆಗೆ ಒಂದೆರಡು ಬಾಯಿ, ಅಷ್ಟೇ. ಬೆಳಿಗ್ಗೆ, ಸಂಜೆ ಅತ್ತೆ ಚೊಂಬು ಹಿಡಿದು ಕೂರುತ್ತಿದ್ದರು, ನಾನು ಕರುವನ್ನು ಬಿಡುತ್ತಿದ್ದೆ. ಅದು ಎರಡು ಸಲ ಬಾಯಿ ಹಾಕುವಷ್ಟರಲ್ಲಿ, "ಸಾಕು, ಎಳಿ" ಎನ್ನುತ್ತಿದ್ದರು. ನಾನು ಎಳೆಯುತ್ತಿದ್ದೆ. ಅದರ ಬಾಯಿಯ ನೊರೆ ನನ್ನ ಕೈಗೆ ಹತ್ತುತ್ತಿತ್ತು. ಮೊದಲ ಮಳೆ ಬಿದ್ದ ವಾರ ಕರು ಏಳಲಾರದೆ ಮಲಗಿತು. ಎರಡು ದಿನ ಮಲಗಿದ್ದು ಮೂರನೆಯ ದಿನ ಸತ್ತುಹೋಯಿತು.

ಕರುವಿಲ್ಲದೆ ರಾಣಿ ಹಾಲು ಇಳಿಸಲಿಲ್ಲ. ಒದೆಯಿತು, ಕೂಗಿತು. ಕೊಟ್ರೇಶ ಊರಿನಿಂದ ಯಾರನ್ನೋ ಕರೆಸಿ, ಹಳೆಯ ಪದ್ಧತಿಯಂತೆ ಆ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ ಹೊಲಿಸಿ, ತಾಯಿಯ ಮುಂದೆ ನಿಲ್ಲಿಸಿದರು. ರಾಣಿ ಅದನ್ನು ಮೂಸಿತು. ಆಮೇಲೆ ನೆಕ್ಕಲು ತೊಡಗಿತು. ಕಿವಿ, ಕುತ್ತಿಗೆ, ಬೆನ್ನು, ಹೊಲಿಗೆಯ ದಾರದ ಮೇಲೂ. ನೆಕ್ಕುತ್ತ ನೆಕ್ಕುತ್ತ ಹಾಲು ಇಳಿಸಿತು. ಅತ್ತೆ ಕರೆಯುತ್ತಿದ್ದವರು ಅರ್ಧಕ್ಕೆ ಕೈ ನಿಲ್ಲಿಸಿದರು. ಚೊಂಬು ನನ್ನ ಕೈಗೆ ಕೊಟ್ಟು, ಒಳಗೆ ಬಂದು, ಮೊಣಕೈತನಕ ಕೈ ತೊಳೆದುಕೊಂಡು ಹೇಳಿದರು.

"ಇವತ್ತಿಂದ ನಾನು ಹಾಲು ಬಿಟ್ಟೆ."

ಏನೋ ಹರಕೆಯಿರಬೇಕು ಎಂದುಕೊಂಡೆ. "ಎಷ್ಟು ದಿನ ಅತ್ತಿ?"

"ಇರೋತನಕ. ಹಾಲು, ಮಸರು, ಬೆಣ್ಣಿ, ತುಪ್ಪ, ಯಾವುದೂ ಬ್ಯಾಡ."

ಮರುದಿನದಿಂದ ನನ್ನ ಗ್ರಹಚಾರ ಶುರುವಾಯಿತು. ಹಾಲು ಕೊಡುವುದನ್ನೂ ಅತ್ತೆ ನಿಲ್ಲಿಸಿದ್ದರಿಂದ ಎಂಟು ಮನೆಯವರು ಚೊಂಬು ಹಿಡಿದು ಬಂದು ನನ್ನನ್ನು ಬೈದರು. ರಾಣಿಯನ್ನು ಕರೆಯದೆ ಬಿಡುವಂತಿಲ್ಲ, ಕೆಚ್ಚಲು ಬಾತುಕೊಳ್ಳುತ್ತದೆ, ಆ ಕೆಲಸ ನನ್ನ ಪಾಲಿಗೆ ಬಂತು. ಕೊನೆಗೆ ಬಂಡ್ರಿಯಲ್ಲಿ ಸಂಬಂಧಿಕರೊಬ್ಬರ ಎಮ್ಮೆ ಸತ್ತು ಕರು ತಬ್ಬಲಿಯಾಗಿದೆ ಎಂದು ಗೊತ್ತಾಗಿ ಅತ್ತೆ ರಾಣಿಯನ್ನು ಅಲ್ಲಿಗೆ ಹೊಡೆಸಿಬಿಟ್ಟರು. "ಕರ ಕುಡಿದು ಉಳದದ್ದು ಕರಕೋರಿ" ಎಂದು ಅವರಿಂದ ಮಾತು ತೆಗೆದುಕೊಂಡರು. ಅಷ್ಟೂ ಸರಿ. ಊಟದ ಗತಿಯೇನು? ಒಣ ರೊಟ್ಟಿ ಅಗಿಯಲಾಗದು. ಸಾರಿನಲ್ಲಿ ನೆನೆಸಿಕೊಟ್ಟರೆ ಖಾರ. ಬೇಳೆಯಲ್ಲಿ ನೆನೆಸಿದರೆ ಹೊಟ್ಟೆ ಉಬ್ಬರ. ಗಂಜಿ ಕೊಟ್ಟರೆ, "ನಾನೇನು ಜಡ್ಡಿನಾಕಿ ಅದೀನೇನು?" ಎಂದು ತಟ್ಟೆ ಸರಿಸಿದರು. ಮೂರು ವಾರದಲ್ಲಿ ಕೈಬಳೆ ಮೊಣಕೈಗೆ ಜಾರುವಷ್ಟು ಸೊರಗಿದರು. ಓಣಿಯಲ್ಲಿ ಮಾತು ಶುರುವಾಯಿತು, ಸೊಸೆ ಊಟ ಹಾಕುತ್ತಿಲ್ಲವಂತೆ ಎಂದು. ನನಗೆ ಅಳುವುದೋ ಬಡಿದುಕೊಳ್ಳುವುದೋ ತಿಳಿಯಲಿಲ್ಲ.

ಹೀಗಿರುವಾಗ ಒಂದು ಸಂಜೆ ಅತ್ತೆ ಅನುವನ್ನು ಹತ್ತಿರ ಕೂರಿಸಿಕೊಂಡು ಕೇಳಿದರು. "ನಿನ್ನ ಹುಟ್ಟಿದ ಹಬ್ಬದಾಗ ಒಂದು ತಂದಿದ್ದೆಲ್ಲ, ಮೆತ್ತನ್ನ ಕಡಬು. ಒಳಗ ಪಲ್ಯ ಇತ್ತು. ಅದರ ಹೆಸರೇನ?"

"ಪಿಜ್ಜಾ ಪಾಕೆಟ್ ಅಜ್ಜಿ."

"ಅದನ್ನ ತಿಂತೀನಿ. ಹಲ್ಲಿಗೆ ಹಗುರ ಆಗತೈತಿ, ಕೈಯಾಗ ಹಿಡಕೊಂಡು ನಿಧಾನ ತಿನಬಹುದು. ನಿಮ್ಮವ್ವಗ ಮಾಡಾಕ ಹೇಳು."

ಅನು ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಅದರ ತುಂಬ ಚೀಸ್ ಇರುತ್ತದೆ, ಮೇಲೆ ಬೆಣ್ಣೆ ಸವರಿರುತ್ತಾರೆ ಎಂದೆ. "ಅವೆರಡು ಬಿಟ್ಟು ಮಾಡು" ಎಂದರು ಅತ್ತೆ. ಹೋಳಿಗೆಯಲ್ಲಿ ಹೂರಣ ಬಿಟ್ಟು ಮಾಡು ಎಂದ ಹಾಗೆ.

ಮೊದಲು ಬೇಕರಿಯಿಂದ ಸಿದ್ಧ ಪಿಜ್ಜಾ ಬ್ರೆಡ್ ತಂದು, ನಡುವೆ ಪಲ್ಯವಿಟ್ಟು ಮಡಚಿ ಕೊಟ್ಟೆ. ಅತ್ತೆ ಬಾಯಿಗಿಡುವಷ್ಟರಲ್ಲಿ ಅನು ಕವರ್ ಓದಿದಳು. "ಅಜ್ಜಿ, ಇದರಾಗ ಹಾಲಿನ ಪುಡಿ ಐತಿ." ತಟ್ಟೆ ವಾಪಸ್ಸು. ಮಗಳಿಗೆ ಇಂಗ್ಲಿಷ್ ಮೀಡಿಯಂ ಓದಿಸಿದ್ದಕ್ಕೆ ನನಗೆ ಸಿಕ್ಕ ಫಲ ಅದು.

ಎರಡನೆಯ ಸಲ ನಾನೇ ಮೈದಾ ಕಲಸಿದೆ. ಈಸ್ಟ್ ಎಂಬ ಆ ಸಾಸಿವೆಯಂಥ ಕಾಳಿಗೆ ಕುದಿಯುವ ನೀರು ಹಾಕಿದೆ. ಅದು ಜೀವವಿರುವ ಪದಾರ್ಥ, ಬಿಸಿನೀರಿಗೆ ಸಾಯುತ್ತದೆ ಎಂದು ನನಗೆ ಯಾರು ಹೇಳಿದ್ದರು? ನಮ್ಮಲ್ಲಿ ಓವನ್ ಇಲ್ಲ. ದಪ್ಪ ತಳದ ಪಾತ್ರೆಗೆ ಉಪ್ಪು ಹರವಿ, ಮೇಲೆ ಸ್ಟ್ಯಾಂಡಿಟ್ಟು, ಮುಚ್ಚಿ ಬೇಯಿಸಿದೆ. ಹೊರಬಂದದ್ದನ್ನು ಅತ್ತೆ ಕಟ್ಟೆಗೆ ಟಕ್ ಟಕ್ ಎಂದು ಕುಟ್ಟಿ ನೋಡಿದರು. "ಡ್ಯಾಮಿಗೆ ಕಲ್ಲು ಕಮ್ಮಿ ಬಿದ್ದಾವಂತೇನು?"

ಮೂರನೆಯ ಸಲ ಬೆಚ್ಚಗಿನ ನೀರು ಹಾಕಿದೆ, ಹಿಟ್ಟು ಉಬ್ಬಿತು. ಆದರೆ ಅಷ್ಟರಲ್ಲಿ ಕರೆಂಟು ಹೋಗಿ ನೀರಿನ ಮೋಟರ್ ನಿಂತು, ನಾನು ಕೊಡ ಹಿಡಿದು ಬೀದಿ ಸುತ್ತಿ ಬರುವಾಗ ಹಿಟ್ಟು ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆ ಹರಿಯುತ್ತಿತ್ತು. ವಾಸನೆ ಮೂರು ಮನೆಗೆ ಹರಡಿತ್ತು. ಅತ್ತೆ ಮೂಗಿಗೆ ಸೆರಗು ಹಿಡಿದು ಕೇಳಿದರು. "ಇದರಾಗ ಹೆಂಡ ಹಾಕೀಯೇನ? ಕೊರಳಾಗ ಲಿಂಗ ಕಟ್ಟಿಕೊಂಡಾಕಿ ನಾನು!" ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, "ಏನ್ರಿ ಸುವರ್ಣಕ್ಕ, ಏನು ಇಳಸಾಕತ್ತೀರಿ?" ಎಂದಳು. ಆ ದಿನ ನಾನು ಲಟ್ಟಣಿಗೆಯನ್ನು ಹಿತ್ತಲಿಗೆ ಎಸೆದು, ಆಮೇಲೆ ನಾನೇ ಹೋಗಿ ಆರಿಸಿಕೊಂಡು ಬಂದೆ.

ನಾಲ್ಕನೆಯ ಸಲ ಟೊಮೆಟೊ ನೀರಾಗಿ ಅಂಚುಗಳು ಬಿಚ್ಚಿಕೊಂಡವು. ಐದನೆಯ ಸಲ ಚೀಸ್ ಬದಲು ಶೇಂಗಾ ರುಬ್ಬಿ ಹಾಕಿದೆ. ಅತ್ತೆ ಒಂದು ತುತ್ತು ತಿಂದು, "ಹಿಂಡಿ ಎಮ್ಮಿಗೆ ಹಾಕೋದು ಗೊತ್ತಿತ್ತು. ಎಮ್ಮಿ ಹೋತಂತ ನನಗ ಹಾಕೀಯೇನು?" ಎಂದರು. ಕೆಟ್ಟಿದ್ದನ್ನೆಲ್ಲ ಕೊಟ್ರೇಶ ಶಿಫ್ಟು ಮುಗಿಸಿ ಬಂದು ತಿನ್ನುತ್ತಿದ್ದರು. "ಮಸ್ತ್ ಆಗೈತಿ" ಎನ್ನುತ್ತಿದ್ದರು. ಕಲ್ಲಿನಂಥದ್ದಕ್ಕೂ ಮಸ್ತ್, ಹುಳಿಹಿಡಿದದ್ದಕ್ಕೂ ಮಸ್ತ್. ಅವರ ಆ ಮಸ್ತ್ ಕೇಳಿ ನನಗೆ ಅತ್ತೆಯ ಬೈಗುಳಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಆರನೆಯ ಸಲ ನಾನು ಮಾಡಬಾರದ್ದನ್ನು ಮಾಡಿದೆ. ಅಂಗಡಿಯಿಂದ ಚೀಸ್ ತಂದು, ತುರಿದು, ಪಲ್ಯದ ನಡುವೆ ಮುಚ್ಚಿಟ್ಟೆ. ಮುದುಕಿಗೆ ಏನು ತಿಳಿಯುತ್ತದೆ, ಹೊಟ್ಟೆಗೆ ನಾಲ್ಕು ತುತ್ತು ಹೋದರೆ ಸಾಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅತ್ತೆ ಎರಡು ತಿಂದರು. ಬೆರಳು ನೆಕ್ಕಿದರು. ಹದಿನೇಳು ವರ್ಷದಲ್ಲಿ ಮೊದಲ ಸಲ, "ಇವತ್ತು ಚಲೋ ಆಗೈತಿ ನೋಡು" ಎಂದರು. ಆ ಮಾತು ಕೇಳಿ ನನಗೆ ಸಂತೋಷವೇ ಆಯಿತು, ನಾಚಿಕೆಯಾಗಲಿಲ್ಲ. ಅದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಕಸದ ಬುಟ್ಟಿ ಚೆಲ್ಲಲು ಹೋದವರು ಅತ್ತೆ. ಚೀಸಿನ ಪೊಟ್ಟಣದ ಮೇಲೆ ಹಸುವಿನ ಚಿತ್ರವಿತ್ತು, ಓದು ಬರಬೇಕಾಗಿರಲಿಲ್ಲ. ಅದನ್ನು ಹಿಡಿದುಕೊಂಡು ನನ್ನ ಮುಂದೆ ನಿಂತರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಹಿತ್ತಲ ಬಾಗಿಲು ದಾಟಿ ಕಾಲುವೆಯ ದಂಡೆಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಗಂಟಲಿಗೆ ಬೆರಳು ಹಾಕಿಕೊಂಡು ಕಾರತೊಡಗಿದರು. ಹಿಂದಿನ ದಿನ ತಿಂದದ್ದು ಹೊಟ್ಟೆಯಲ್ಲಿ ಎಲ್ಲಿರುತ್ತದೆ? ಬರಿಯ ನೀರು ಬಂತು. ನಾನು ಬೆನ್ನು ಸವರಲು ಹೋದೆ. ಕೈ ತಳ್ಳಿದರು.

"ಬೇರೆ ಯಾರರೆ ಮಾಡಿದ್ರ ಬಿಡ್ತಿದ್ದೆ. ಆ ಕರ ಎಳಿಯೋ ಮುಂದ ಹಗ್ಗ ನಿನ್ನ ಕೈಯಾಗಿತ್ತು. ನಿನಗ ಗೊತ್ತಿತ್ತು."

ಎರಡು ದಿನ ಅವರು ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಒಂದು ಕರುವಿಗಾಗಿ ಇಷ್ಟೇಕೆ ಎಂದು ಕೊಟ್ರೇಶ ತಲೆ ಚಚ್ಚಿಕೊಂಡರು. ನನಗೂ ತಿಳಿಯಲಿಲ್ಲ. ಆದರೆ ಇನ್ನು ಮೋಸ ಮಾಡುವುದಿಲ್ಲ ಎಂದು ಅವರ ಮಂಚದ ಬಳಿ ಕೂತು ಹೇಳಿದೆ. ಅವರು ಗೋಡೆಯ ಕಡೆ ಹೊರಳಿದರು.

ನಮ್ಮ ಹಿಂದಿನ ಓಣಿಯ ಹುಲುಗಪ್ಪ ಕಮಲಾಪುರದಲ್ಲಿ, ಹಂಪಿಗೆ ಬರುವವರು ಇಳಿದುಕೊಳ್ಳುವ ಗೆಸ್ಟ್ ಹೌಸೊಂದರಲ್ಲಿ ಅಡುಗೆಯವನು. ಮೊದಲು ನಮ್ಮಲ್ಲೇ ಹಾಲು ಒಯ್ಯುತ್ತಿದ್ದ. ಮಳೆಗಾಲದಲ್ಲಿ ಹೊರದೇಶದವರು ಬರುವುದು ಕಡಿಮೆ, ಅವನು ಮನೆಯಲ್ಲೇ ಇದ್ದ. ಅವನ ಹೆಂಡತಿಯಿಂದ ನಮ್ಮ ಮನೆಯ ಕಥೆ ಕೇಳಿ ತಾನಾಗಿಯೇ ಬಂದ. ಬಾಗಿಲಲ್ಲಿ ನಿಂತು ನಕ್ಕ.

"ಅಕ್ಕಾರ, ನಿಮ್ಮ ಅತ್ತಿಯಾರು ವೀಗನ್ ಆಗ್ಯಾರ."

"ಅದ್ಯಾವ ಜಡ್ಡಪ್ಪಾ?" ಎಂದೆ ಹೆದರಿ.

"ಜಡ್ಡಲ್ಲರಿ. ನಮ್ಮಲ್ಲಿ ಬರೋ ಫಾರಿನ್‌ನವರು ಭಾಳ ಮಂದಿ ಹಂಗ ಅದಾರ. ಹಾಲು ಮುಟ್ಟಂಗಿಲ್ಲ. ಅವರಿಗೆ ಪಿಜ್ಜಾ ಮಾಡಿ ಮಾಡಿ ನನ್ನ ಕೈ ಬಿದ್ದು ಹೋಗ್ಯಾವ."

ನಾನು ಒಂದು ತಿಂಗಳು ಬಡಿದಾಡಿದ್ದು ಇವನಿಗೆ ದಿನದ ಕೆಲಸ! ಆ ಕ್ಷಣ ಅವನ ಮೇಲೂ ಸಿಟ್ಟು ಬಂತು, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಬಾಯಿತುದಿಗೆ ಬಂದಿದ್ದನ್ನು ನುಂಗಿಕೊಂಡೆ. ಅವನು ಅಡುಗೆಮನೆಗೆ ಬಂದು ಕೂತು ಹೇಳಿಕೊಟ್ಟ. ಗೋಡಂಬಿಯನ್ನು ನೆನೆಸಿ ನುಣ್ಣಗೆ ರುಬ್ಬಬೇಕು. ಅದಕ್ಕೆ ನಿಂಬೆರಸ, ಎರಡೆಸಳು ಬೆಳ್ಳುಳ್ಳಿ, ಉಪ್ಪು. ಎಳೆ ಬರಬೇಕೆಂದರೆ ಸಾಬುದಾನಿಯನ್ನು ಪುಡಿ ಮಾಡಿ, ನೀರಲ್ಲಿ ಕದಡಿ ಬೆರೆಸಿ, ಸಣ್ಣ ಉರಿಯಲ್ಲಿ ತಿರುವಬೇಕು. ತಿರುವುತ್ತಿದ್ದಂತೆ ಅದು ನನ್ನ ಕಣ್ಣೆದುರೇ ಗಟ್ಟಿಯಾಗಿ, ಸೌಟಿಗೆ ಅಂಟಿ, ಎತ್ತಿದರೆ ಉದ್ದಕ್ಕೆ ಎಳೆಯಾಯಿತು. ಟೊಮೆಟೊವನ್ನು ನೀರೆಲ್ಲ ಆರುವವರೆಗೆ ಹುರಿಯಬೇಕಂತೆ. ಈರುಳ್ಳಿ, ಕ್ಯಾಪ್ಸಿಕಂ, ಜೋಳದ ಎಳೆಕಾಳು ತಣ್ಣಗಾದ ಮೇಲೆಯೇ ತುಂಬಬೇಕಂತೆ. ಹಿಟ್ಟಿಗೆ ಬೆಣ್ಣೆಯ ಬದಲು ಎರಡು ಚಮಚ ಎಣ್ಣೆ. ಅಂಚನ್ನು ಒದ್ದೆ ಬೆರಳಲ್ಲಿ ಒತ್ತಿ, ಮೇಲೆ ಫೋರ್ಕಿನಿಂದ ಗೆರೆ.

"ಫೋರ್ಕ್ ಇಲ್ಲಪ್ಪ ನಮ್ಮಲ್ಲಿ."

"ಕರಿಗಡಬಿನ ಅಂಚು ಕಟ್ಟಾಕ ಬರಾಂಗಿಲ್ಲೇನ್ರಿ? ಅದ ಸಾಕು."

ಅದು ನನಗೆ ಬರುತ್ತಿತ್ತು. ನಮ್ಮವ್ವ ಹೇಳಿಕೊಟ್ಟ ಹಾಗೆ ಹೆಬ್ಬೆರಳಿನಿಂದ ಅಂಚು ಮಡಚಿ ಮಡಚಿ ಕಟ್ಟಿದೆ. ಒಂದೂ ಬಿಚ್ಚಲಿಲ್ಲ. ಉಪ್ಪಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ, ತಿರುವಿ ಹಾಕಿ ಇನ್ನು ಐದು. ಹೊಂಬಣ್ಣಕ್ಕೆ ಬಂದವು. ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತಿದ್ದವು. ತಟ್ಟೆಯ ಜೊತೆಗೆ ಗೋಡಂಬಿಯ ಪೊಟ್ಟಣ, ಸಾಬುದಾನಿಯ ಡಬ್ಬಿ, ಎಣ್ಣೆಯ ಕ್ಯಾನು, ಎಲ್ಲವನ್ನೂ ಒಯ್ದು ಅತ್ತೆಯ ಮುಂದೆ ಸಾಲಾಗಿಟ್ಟೆ, ಪೊಲೀಸರ ಮುಂದೆ ಸಾಕ್ಷಿ ಇಟ್ಟ ಹಾಗೆ. ಅವರು ಒಂದೊಂದನ್ನೂ ಎತ್ತಿ ನೋಡಿದರು. ಹುಲುಗಪ್ಪನ ಮುಖ ನೋಡಿದರು. ಅವನು, "ಅವ್ವಾರ, ನನ್ನ ಮಕ್ಕಳಾಣಿ, ಹಾಲಿನ ಹನಿ ಇಲ್ಲ" ಎಂದ. ಆಮೇಲೆ ಮುರಿದರು, ತಿಂದರು.

"ಖಾರ ಜಾಸ್ತಿ ಆಗೈತಿ" ಎಂದು ಇನ್ನೊಂದು ತೆಗೆದುಕೊಂಡರು.

ಅಲ್ಲಿಂದ ವಾರಕ್ಕೆ ನಾಲ್ಕು ದಿನ ಇದೇ ಕೆಲಸ. ಅತ್ತೆಯ ಮುಖಕ್ಕೆ ರಕ್ತ ಬಂತು, ನನ್ನ ಸೊಂಟ ಹೋಯಿತು. ಶ್ರಾವಣ ಬಂದಾಗ ಕಂಪ್ಲಿಯಿಂದ ಚಂದ್ರಶೇಖರ ಭಾವ ಬಂದರು. ಅವರು ನಮ್ಮ ದೊಡ್ಡ ಮಾವನ ಮಗ, ಅಂದರೆ ಕೊಟ್ರೇಶರ ಅಣ್ಣ ಆಗಬೇಕು. ಕಂಪ್ಲಿಯಲ್ಲಿ ರೈಸ್ ಮಿಲ್ ಇದೆ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಅವರಿಗೆ ಎದೆಹಾಲು ಕುಡಿಸಿ ಸಾಕಿದವರು ನಮ್ಮ ಅತ್ತೆ. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಐವತ್ತು ದಾಟಿದ ಆ ದೊಡ್ಡ ಆಳು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂರುತ್ತಿದ್ದರು, "ಅವ್ವ" ಎಂದೇ ಕರೆಯುತ್ತಿದ್ದರು.

"ಅವ್ವ, ಹೊಸ ಮನಿ ಆಗೈತಿ. ಹಾಲು ನೀನ ಉಕ್ಕಸಬೇಕು. ನಿನ್ನ ಹಾಲಿಲೇ ಬೆಳದಾವ ನಾನು."

ಅತ್ತೆ ಅವರ ತಲೆ ಸವರಿ, "ಉಕ್ಕಸ್ತೀನಿ. ಕುಡಿ ಅನಬ್ಯಾಡ" ಎಂದರು. ಭಾವ ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

ಗೃಹಪ್ರವೇಶದ ದಿನ ಕೊಟ್ರೇಶರಿಗೆ ರಜೆ ಸಿಗಲಿಲ್ಲ, ಅನುವಿಗೆ ಪರೀಕ್ಷೆ. ಅತ್ತೆ ನಾನು ಇಬ್ಬರೇ ಹೋದೆವು. ಅಲ್ಲಿನ ಅಡುಗೆಯೆಲ್ಲ ತುಪ್ಪದ್ದೇ ಇರುತ್ತದೆ ಎಂದು ಬೆಳಗಿನ ಜಾವ ಎದ್ದು ಎಂಟು ಪಾಕೆಟ್ ಮಾಡಿ ಡಬ್ಬಿಗೆ ಹಾಕಿಕೊಂಡಿದ್ದೆ. ಹೊಸ ಮನೆ ದೊಡ್ಡದಾಗಿತ್ತು, ಜನವೂ ಬಹಳ. ಅತ್ತೆ ಹೊಸ ಒಲೆಯ ಮೇಲೆ ಹಾಲಿಟ್ಟರು. ಅದು ಉಕ್ಕಿ ಪೂರ್ವಕ್ಕೆ ಚೆಲ್ಲಿತು, ಹೆಂಗಸರು ಸಂಭ್ರಮಪಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಭಾವ ಅದೇ ಹಾಲನ್ನು ಬೆಳ್ಳಿಯ ಲೋಟಕ್ಕೆ ಬಗ್ಗಿಸಿ ಅತ್ತೆಯ ಬಾಯ ಹತ್ತಿರ ಹಿಡಿದರು.

"ಬ್ಯಾಡ ಚಂದ್ರಾ."

"ಒಂದ ಗುಟುಕು."

"ಬ್ಯಾಡ ಅಂದಿದ್ದೆ."

"ನನ್ನ ಮನಿ ಹಾಲು ಬ್ಯಾಡಾತೇನವ್ವ ನಿನಗ?" ಭಾವನ ಧ್ವನಿ ಏರಿತು. ಸುತ್ತ ನಿಂತವರು ಅಪಶಕುನ ಎಂದು ಗುಸುಗುಸು ಶುರುಮಾಡಿದರು. ನನಗೆ ಎಲ್ಲಿಲ್ಲದ ಸಂಕಟ. ಒಂದು ಗುಟುಕು ತುಟಿಗೆ ಸೋಕಿಸಿದರೆ ಈ ಮುದುಕಿಯ ಗಂಟು ಹೋಗುತ್ತದೆಯೇ ಎಂದು ಒಳಗೊಳಗೇ ಹಲ್ಲು ಕಡಿದೆ. ಮಾತು ತಿಳಿಗೊಳಿಸಲು ನಾನೇ ನಡುವೆ ಬಾಯಿ ಹಾಕಿ, "ನಮ್ಮ ಎಮ್ಮಿ ಕರ ಸತ್ತ ಮ್ಯಾಲ ಬಿಟ್ಟಾರ್ರಿ, ತಪ್ಪು ತಿಳೀಬ್ಯಾಡ್ರಿ" ಎಂದೆ.

ಭಾವ ನಕ್ಕರು. "ಒಂದು ಕ್ವಾಣಗರದ ಸಲುವಾಗಿ?"

ಅತ್ತೆ ಅವರ ಕೈಯಿಂದ ಲೋಟ ತೆಗೆದುಕೊಂಡು ಕಟ್ಟೆಯ ಮೇಲಿಟ್ಟರು. ಅವರ ಧ್ವನಿ ಜಗಳದ್ದಾಗಿರಲಿಲ್ಲ.

"ನೀನು ಹುಟ್ಟಿದಾಗ ನನ್ನ ಮಡಿಲಾಗ ಒಂದು ಕೂಸಿತ್ತು ಚಂದ್ರಾ. ಹೆಣ್ಣು ಕೂಸು. ನೀಲವ್ವ ಅಂತ ಹೆಸರಿಟ್ಟಿದ್ವಿ. ನನಗ ಇಬ್ಬರಿಗೆ ಆಗೋವಷ್ಟು ಹಾಲಿರಲಿಲ್ಲ. ನಮ್ಮತ್ತಿ ಅಂದ್ಲು, ಗಂಡು ಕೂಸು, ತಾಯಿಲ್ಲದ್ದು, ಮೊದಲು ಇವಗ ಕುಡಸು, ಉಳದ್ರ ಅಕಿಗೆ ಅಂತ. ಅಕಿ ಬಾಯಿ ಹಾಕಿ ಎರಡು ಸಲ ಚೀಪೋದ್ರಾಗ, ಸಾಕು, ಎಳಿ ಅಂತಿದ್ಲು. ನಾನು ಎಳೀತಿದ್ದೆ. ಹಿಟ್ಟಿನ ನೀರು ಕುಡಿಸಿದ್ವಿ. ನಾಕು ತಿಂಗಳಿಗೆ ಹೋದ್ಲು."

ಅತ್ತೆ ಲೋಟವನ್ನು ಇನ್ನಷ್ಟು ಆಚೆ ಸರಿಸಿದರು.

"ಐವತ್ತು ವರ್ಷದ ಮ್ಯಾಲ ಅದ ಮಾತು ನನ್ನ ಬಾಯಾಗ ಬಂತು, ಆ ಕರಕ್ಕ. ಎಮ್ಮಿ ಹುಲ್ಲಿನ ಗೊಂಬಿ ನೆಕ್ಕಾಗ ತಿಳೀತು ನನಗ. ನಿನ್ನ ತಪ್ಪೇನಿಲ್ಲ ಮಗನ, ಕೂಸಿಗೆ ಏನು ಗೊತ್ತಿರತೈತಿ. ಆದ್ರ ಹಾಲು ನನಗ ಇಳಿಯಂಗಿಲ್ಲ."

ಭಾವ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿಬಿಟ್ಟರು. ನಾವು ಹೊರಡುವಾಗಲೂ ಇಳಿದು ಬರಲಿಲ್ಲ. ಡಬ್ಬಿ ಬಿಚ್ಚದೆ ಹಾಗೆಯೇ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾಟಿ ಮಾಡಿದ ಗದ್ದೆ, ನೀರು. ಹದಿನೇಳು ವರ್ಷ ಇವರ ಜೊತೆ ಒಂದೇ ಒಲೆಯಲ್ಲಿ ಬೇಯಿಸಿದ್ದೇನೆ, ಇವರ ಹೊಟ್ಟೆಯಲ್ಲಿ ಇಂಥದ್ದಿತ್ತೆಂದು ಒಂದು ದಿನವೂ ಗೊತ್ತಾಗಲಿಲ್ಲ. ಮೊದಲೇ ಹೇಳಬಾರದಿತ್ತೇ? ಹೇಳಿದ್ದರೆ ನಾನು ಆ ಚೀಸ್ ತರುತ್ತಿದ್ದೆನೇ? ನನಗೆ ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಬಸ್ಸಿನ ಕುಲುಕಾಟಕ್ಕೆ ಅವರ ತಲೆ ನನ್ನ ಭುಜಕ್ಕೆ ತಾಗುತ್ತಿತ್ತು. ಸರಿಸಿಕೊಳ್ಳಲಿಲ್ಲ, ಇಬ್ಬರೂ.

ಕೊಟ್ರೇಶರಿಗೆ ನಾನೇ ಹೇಳಿದೆ. ಊಟ ಮಾಡುತ್ತಿದ್ದವರು ತಟ್ಟೆಯಲ್ಲಿ ಕೈಯಿಟ್ಟುಕೊಂಡು ಕೂತರು. ಆಮೇಲೆ ಎದ್ದು ಹೋಗಿ ತಾಯಿಯ ಮಂಚದ ತುದಿಯಲ್ಲಿ ಕೂತು ಬಂದರು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಭಾವ ಕಾರು ತೆಗೆದುಕೊಂಡು ಬಂದರು. ಗಡ್ಡ ಬೆಳೆದಿತ್ತು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಕೇಳಿದರು.

"ಅವ್ವ, ಅಕಿನ್ನ ಎಲ್ಲಿ ಮಣ್ಣು ಮಾಡೀರಿ?"

"ಬಂಡ್ರ್ಯಾಗ. ನಮ್ಮ ಹೊಲದ ಬದುವಿನ್ಯಾಗ, ಬೇವಿನ ಗಿಡದ ಬುಡಕ."

"ನಡಿ, ಹೋಗೂಣು."

ಅತ್ತೆ ನನ್ನ ಕಡೆ ತಿರುಗಿ, "ಡಬ್ಬಿ ಕಟ್ಟು" ಎಂದರು. ಆ ದಿನದ ಪಾಕೆಟ್ಟುಗಳು ಆಗ ತಾನೇ ಒಲೆಯಿಂದ ಇಳಿದಿದ್ದವು.

ಸಂಡೂರು ದಾಟುವವರೆಗೆ ಅದಿರಿನ ಲಾರಿಗಳ ಹಿಂದೆ ತೆವಳಿದೆವು. ಬಂಡ್ರಿಯ ಆ ಹೊಲ ಮಾರಿ ಎಷ್ಟೋ ವರ್ಷವಾಗಿದೆ. ಈಗಿನ ಒಡೆಯರು ಒಳ್ಳೆಯವರು, ನೋಡಿಕೊಳ್ಳಿ ಎಂದರು. ಆದರೆ ಬದುವಿನಲ್ಲಿ ಒಂದಲ್ಲ, ಮೂರು ಬೇವಿನ ಮರಗಳಿದ್ದವು. ಅತ್ತೆ ಒಂದರ ಹತ್ತಿರ ಹೋಗಿ, ಇದಲ್ಲ ಎಂದು ಇನ್ನೊಂದಕ್ಕೆ ಹೋದರು. ಅದೂ ಅಲ್ಲ ಎಂದು ಮೊದಲನೆಯದಕ್ಕೆ ಬಂದರು. ಮಳೆ ಬಿಟ್ಟ ಬಿಸಿಲು ಚುರುಗುಟ್ಟುತ್ತಿತ್ತು. ಕೆಂಪು ಅಂಟುಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲೂ ಒಂದೊಂದು ಮಣ ಭಾರವಾಗಿತ್ತು. ಡಬ್ಬಿ ಹಿಡಿದು ಅವರ ಹಿಂದೆ ಅಲೆದು ಅಲೆದು ಸಾಕಾಗಿ, "ಅತ್ತಿ, ಯಾವುದರೆ ಒಂದು ಅನ್ನ್ರಿ" ಎಂದುಬಿಟ್ಟೆ. ಅವರು ಬೈಯಲಿಲ್ಲ. ನಡುವಿನ ಮರದ ಬುಡದಲ್ಲಿ ಕೂತರು. "ಇದ ಇರಲಿ" ಎಂದರು.

ಭಾವ ಅವರ ಎದುರಿಗೆ ಮಣ್ಣಿನಲ್ಲೇ ಕೂತರು. ಬಿಳಿ ಪಂಚೆ ಕೆಂಪಾಯಿತು. ಬುಡದ ಮಣ್ಣು ಸವರುತ್ತ ಕೇಳಿದರು.

"ನನಗಿಂತ ದೊಡ್ಡಾಕೇನವ್ವ?"

"ಹದಿನೆಂಟು ದಿನ."

ಭಾವ ತಲೆಯಾಡಿಸಿದರು. ಕಣ್ಣೊರೆಸಿಕೊಳ್ಳಲಿಲ್ಲ. ನಾನು ಡಬ್ಬಿ ತೆರೆದು ಮೊದಲನೆಯದನ್ನು ಅವರ ಕಡೆ ಚಾಚಿದೆ. ಬೆಳಗಿನಿಂದ ಏನೂ ತಿಂದಿಲ್ಲ ಎಂದು ದಾರಿಯಲ್ಲಿ ಹೇಳಿದ್ದರು. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ತಡಿ. ಮೊದಲು ಅಕಿಗೆ."

ಅದನ್ನು ತೆಗೆದುಕೊಂಡು ಸಣ್ಣ ಸಣ್ಣ ಚೂರು ಮಾಡಿದರು, ಹಲ್ಲು ಬಾರದ ಮಗುವಿಗೆ ಮಾಡುವ ಹಾಗೆ. ಮುತ್ತುಗದ ಎಲೆಯೊಂದನ್ನು ನೆಲಕ್ಕೆ ಹಾಕಿ ಅದರ ಮೇಲಿಟ್ಟರು. ನಾವು ಮೂವರೂ ಅದನ್ನೇ ನೋಡುತ್ತ ಕೂತೆವು. ಹೊಟ್ಟೆ ಹಸಿದಿತ್ತು, ನೆತ್ತಿ ಸುಡುತ್ತಿತ್ತು, ಇನ್ನೆಷ್ಟು ಹೊತ್ತು ಎಂದು ಕೇಳಲು ಬಾಯಿ ಬರಲಿಲ್ಲ. ಕೊನೆಗೆ ಮರದ ಬುಡದ ಬಿರುಕಿನಿಂದ ಒಂದು ಇರುವೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು. ಚೂರುಗಳು ಎಲೆಯ ಮೇಲೆ ಮೆಲ್ಲಗೆ ಅಲುಗಾಡಿ ಹೊರಟವು. ಒಂದು ಚೂರೂ ಉಳಿಯದಂತೆ ಹೋಗುವವರೆಗೆ ಅತ್ತೆ ಕಣ್ಣು ಕೀಳದೆ ನೋಡಿದರು.

"ಉಂಡ್ಲು" ಎಂದರು. "ಇನ್ನ ನೀವು ತಿನ್ನ್ರಿ."